ಬಾಯಿಂದ ತುಂಬುವ ಬಂದೂಕು: ಕನ್ನಡ ನಾಡಿನಲ್ಲಿ ಅದರ ಇತಿಹಾಸ

ನಳಿಗೆಯ ಬಾಯಿಂದಲೇ ಕರಿಮದ್ದನ್ನೂ ಗುಂಡು ಅಥವಾ ಚರೆಯನ್ನೂ ಹಾಕಿ, ಸರಳಿನಿಂದ ಗಿಡಿದು ಹಾರಿಸುವ ಆಯುಧವಿದು. ಮಲೆನಾಡು ಮತ್ತು ಕರಾವಳಿಯ ರೈತರಿಗೆ ಇದು ‘ಕೇಪಿನ ಕೋವಿ’, ಪರವಾನಗಿ ಕಡತಗಳಲ್ಲಿ ‘ಎಸ್‌ಬಿಎಂಎಲ್’ (ಸಿಂಗಲ್ ಬ್ಯಾರೆಲ್ ಮಜಲ್ ಲೋಡಿಂಗ್). ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆತ ಮದ್ದು ನಾನೂರು ವರ್ಷಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಬದಲಾದದ್ದು ಅದಕ್ಕೆ ಕಿಡಿ ಮುಟ್ಟಿಸುವ ಬಗೆ. ಮೊದಲು ಉರಿಯುವ ಬತ್ತಿ, ಆಮೇಲೆ ಚಕಮಕಿ ಕಲ್ಲು, ಕೊನೆಗೆ ಬಂದೂಕಿನ ಕುದುರೆ ಬಡಿದಾಗ ಸಿಡಿಯುವ ಪುಟ್ಟ ತಾಮ್ರದ ಕೇಪು. ಸಿಡಿಮದ್ದಿನಿಂದ ಕಿಡಿ ಹೊತ್ತಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸಿತ್ 1807ರಲ್ಲಿ ಪೇಟೆಂಟ್ ಪಡೆದಿದ್ದರು.

ಈ ಆಯುಧ ದಖ್ಖನಕ್ಕೆ ಯಾವಾಗ ಬಂತು ಎಂಬುದರಲ್ಲಿ ಒಮ್ಮತವಿಲ್ಲ. 1360ರ ದಶಕದಲ್ಲೇ ಬಹಮನಿ ಸುಲ್ತಾನ ಒಂದನೇ ಮಹಮ್ಮದ್ ಷಾ ವಿಜಯನಗರದ ವಿರುದ್ಧ ತೋಪುಗಳನ್ನು ಬಳಸಿದನೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಆದರೆ ಅವನು ಬರೆದದ್ದು ಎರಡೂವರೆ ಶತಮಾನ ಕಳೆದ ಮೇಲೆ, ವಿಜಾಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲ್‌ಷಾನ ಆಶ್ರಯದಲ್ಲಿ ಕುಳಿತು. ತನ್ನ ಕಾಲದಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಆಯುಧವನ್ನು ಹಿಂದಿನ ಯುದ್ಧಕ್ಕೂ ಆರೋಪಿಸಿದ್ದಾನೆ ಎಂಬ ಸಂಶಯ ಬಲವಾಗಿದೆ. ಗಟ್ಟಿ ಸಾಕ್ಷ್ಯ ಸಿಗುವುದು 1520ರ ರಾಯಚೂರು ಕದನದಿಂದ. ಕೃಷ್ಣದೇವರಾಯನ ಪರವಾಗಿ ಕ್ರಿಸ್ಟೊವಾಂವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರು ಕೋಟೆಯ ಮೇಲಿದ್ದವರನ್ನು ಗುರಿಯಿಟ್ಟು ಉರುಳಿಸಿದ್ದನ್ನು ಪೋರ್ಚುಗೀಸ್ ಬರಹಗಾರ ಫೆರ್ನಾಂವ್ ನುನಿಜ್ ವಿವರಿಸಿದ್ದಾನೆ. ಹಾಗೆಂದು ಆ ಗೆಲುವಿನ ಕೀರ್ತಿಯನ್ನೆಲ್ಲ ಬಂದೂಕಿಗೆ ಕೊಡುವುದು ತಪ್ಪಾದೀತು. ತೋಪುಗಳು ಹೆಚ್ಚಿದ್ದದ್ದು ಸೋತ ಆದಿಲ್‌ಶಾಹಿ ಪಕ್ಷದಲ್ಲಿ. ಆ ಸೋಲಿನ ಪಾಠವೇ ವಿಜಾಪುರದವರನ್ನು ಮದ್ದುಗುಂಡಿನ ತಂತ್ರದತ್ತ ಇನ್ನಷ್ಟು ತಳ್ಳಿತು ಎಂಬ ಇತಿಹಾಸಕಾರ ರಿಚರ್ಡ್ ಈಟನ್ ಅವರ ವಾದ ಒಪ್ಪುವಂಥದು. ಈಗ ವಿಜಯಪುರದ ಬುರುಜಿನ ಮೇಲಿರುವ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಕೂಡ ಬಾಯಿಂದಲೇ ತುಂಬುವಂಥದು.

ಹೈದರ್ ಮತ್ತು ಟಿಪ್ಪು ಕಾಲದ ಶ್ರೀರಂಗಪಟ್ಟಣದ ಚಕಮಕಿ ಬಂದೂಕುಗಳ ಬಗ್ಗೆ, ಮೈಸೂರಿನ ರಾಕೆಟ್ಟುಗಳ ಬಗ್ಗೆ ಬರಹಗಳು ಬೇಕಾದಷ್ಟಿವೆ. ಕಿತ್ತೂರಿನದೂ ಹಾಗೆಯೇ: 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲಿ ಹತನಾದ. ಗುಂಡು ಹಾರಿಸಿದವನು ಅಮಟೂರು ಬಾಳಪ್ಪ ಎಂದು ನಾಡು ನಂಬಿಕೊಂಡು ಬಂದಿದೆ.

ಈ ಆಯುಧದ ಇತಿಹಾಸ ನಿಜವಾಗಿ ತಿರುಗುವುದು 1857ರಲ್ಲಿ. ಆ ವರ್ಷ ಸಿಪಾಯಿಗಳನ್ನು ಕೆರಳಿಸಿದ ಕೊಬ್ಬು ಸವರಿದ ತೋಟಾ ಕೂಡ ಬಾಯಿಂದ ತುಂಬುವ ಎನ್‌ಫೀಲ್ಡ್ ಬಂದೂಕಿನದೇ. ಸಿಪಾಯಿ ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿಯಬೇಕಿತ್ತು. ಬಂಡಾಯ ಹಬ್ಬಿದೊಡನೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಜನರ ಕೈಯ ಆಯುಧ ಕಸಿಯುವ ಕಾಯ್ದೆ ತಂದಿತು. ಇದನ್ನು 1878ರ ಶಸ್ತ್ರಾಸ್ತ್ರ ಕಾಯ್ದೆಯೊಂದಿಗೆ ಕಲಸಿಬಿಡುವ ಬರಹಗಳಿವೆ. ಎರಡೂ ಬೇರೆ. ಮೊದಲನೆಯದು ಕಂಪನಿಯ ಕಾಲದ್ದು, ದಂಗೆಯ ನಡುವೆ ಬಂದದ್ದು. ಎರಡನೆಯದು ವೈಸರಾಯ್ ಲಿಟ್ಟನ್‌ನ ಆಡಳಿತದಲ್ಲಿ, ರಾಣಿಯ ಸರ್ಕಾರ ಇಡೀ ದೇಶಕ್ಕೆ ಹಾಕಿದ ಖಾಯಂ ಬೇಲಿ.

ಮೊದಲ ಕಾಯ್ದೆಯ ಪೆಟ್ಟು ಹಲಗಲಿಗೆ ಬಿತ್ತು. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಈ ಊರು ಆಗ ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಬೇಟೆಯಿಂದಲೂ ಕಾವಲು ಕೆಲಸದಿಂದಲೂ ಬದುಕಿದ್ದ ಅಲ್ಲಿನ ಬೇಡರಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. ಹತಾರ ಒಪ್ಪಿಸಿ ಎಂಬ ಹುಕುಮನ್ನು ಅವರು ಧಿಕ್ಕರಿಸಿದರು. 1857ರ ನವೆಂಬರ್ ಕೊನೆಯಲ್ಲಿ ಮಾಲ್ಕಮ್, ಕೆರ್ ಮೊದಲಾದ ಅಧಿಕಾರಿಗಳ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಲಾಯಿತು.

ಈ ಘಟನೆಗೆ ಎರಡು ಬಗೆಯ ದಾಖಲೆಗಳಿವೆ, ಅವು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಸರ್ಕಾರಿ ವರದಿಗಳಿಗೆ ಇದು ಅಡಗಿಸಿದ ಒಂದು ಗಲಭೆ. ಹಲಗಲಿಯ ಬೇಡರನ್ನು ಕುರಿತ ಲಾವಣಿಗೆ ಇದು ಹಣಮ, ಬಾಲ, ಜಡಗ, ರಾಮ ಎಂಬ ನಾಲ್ವರ ಹಟದ ಕತೆ. ಊರನ್ನು ಲೂಟಿ ಮಾಡಿದವರು ಬೀಸುವ ಕಲ್ಲನ್ನೂ ಹಾಲು ಮೊಸರನ್ನೂ ಬಿಡಲಿಲ್ಲವೆಂದು ಅದು ಒಂದೊಂದಾಗಿ ಎಣಿಸುತ್ತದೆ. ಬಡವರ ಮನೆಯೊಳಗಿನ ನಷ್ಟವನ್ನು ಲೆಕ್ಕ ಹಿಡಿದದ್ದು ಈ ಹಾಡೇ ಆದ್ದರಿಂದ, ಇತಿಹಾಸಕಾರರು ಇದನ್ನು ಬರಿಯ ಅಲಂಕಾರವೆಂದು ಬದಿಗಿಡುವಂತಿಲ್ಲ. ಲಾವಣಿ ಹಳೆಯದೂ ಹೌದು: ಶಾಸನತಜ್ಞ ಜೆ. ಎಫ್. ಫ್ಲೀಟ್ ಇದನ್ನು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದಾಗ ಘಟನೆ ನಡೆದು ಸುಮಾರು ಮೂವತ್ತು ವರ್ಷವಷ್ಟೇ ಆಗಿತ್ತು, ಕಂಡವರು ಇನ್ನೂ ಬದುಕಿದ್ದಿರಬೇಕು.

ಹಲಗಲಿಯಿಂದ ಕಸಿದದ್ದನ್ನು ಬ್ರಿಟಿಷ್ ಆಡಳಿತ ಕೊಡಗಿಗೆ ಉಳಿಸಿಕೊಟ್ಟಿತು. 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ನಿಷ್ಠೆಯ ಮನ್ನಣೆಯೆಂದು ಕೊಡವರನ್ನು ಆ ಕಾಯ್ದೆಯಿಂದ ಹೊರಗಿಟ್ಟ. ಒಂದೇ ಕಾಯ್ದೆ ಒಂದು ಕಡೆ ನೇಣಾಯಿತು, ಇನ್ನೊಂದು ಕಡೆ ಸನ್ಮಾನವಾಯಿತು. ಕೊಡಗಿನಲ್ಲಿ ಹುಟ್ಟಿಗೂ ಸಾವಿಗೂ ಗುಂಡು ಹಾರಿಸುವ ವಾಡಿಕೆ, ಕೈಲ್‌ಪೊಳ್ದ್ ಹಬ್ಬದ ತೋಕ್ (ಬಂದೂಕು) ಪೂಜೆ ನಿರಾತಂಕವಾಗಿ ಮುಂದುವರಿದವು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಭೂ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು.

ಹಿಂದಿನಿಂದ ತೋಟಾ ತುಂಬುವ ಬಂದೂಕುಗಳು ಬ್ರಿಟಿಷ್ ಸೈನ್ಯಕ್ಕೆ ಬಂದದ್ದು 1860ರ ದಶಕದಲ್ಲಿ. ಇಷ್ಟು ಹಳೆಯ ಆಯುಧ ನಮ್ಮ ಹೊಲ ತೋಟಗಳಲ್ಲಿ ಉಳಿದದ್ದಕ್ಕೆ ಅಗ್ಗದ ಬೆಲೆಯಷ್ಟೇ ಕಾರಣವಲ್ಲ, ಕಾನೂನೂ ಕಾರಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನ ಪ್ರಕಾರ ಬೆಳೆ ರಕ್ಷಣೆಗೆಂದು ಅರ್ಜಿ ಹಾಕಿದವರಿಗೆ ಕೊಡಬೇಕಾದದ್ದು ಬಾಯಿಂದ ತುಂಬುವ ಬಂದೂಕಿನ ಪರವಾನಗಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆಯದು. ಚುನಾವಣೆ ಬಂದಾಗ ಈ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶಗಳು ಮಲೆನಾಡು, ಕರಾವಳಿಯ ರೈತರ ಹಳೆಯ ದೂರು. ಹಂದಿ, ಮಂಗಗಳ ಹಾವಳಿ ಮತದಾನಕ್ಕೆಂದು ನಿಲ್ಲುವುದಿಲ್ಲ. ಆ ದೂರಿನಲ್ಲಿ ನ್ಯಾಯವಿದೆ. ಆದರೆ ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೊಲದ ಬದುವಿನಲ್ಲೂ ಜಾರಿಯಲ್ಲಿರುತ್ತದೆ.

ರೈತರಾಗಲಿ ಬೇರೆಯವರಾಗಲಿ, ಹೊಸದಾಗಿ ಇಂಥ ಬಂದೂಕು ಹಿಡಿಯಬೇಕೆಂದರೆ ಮೊದಲ ಮೆಟ್ಟಿಲು ಜಿಲ್ಲಾಡಳಿತದ ಪರವಾನಗಿ. 2016ರ ನಿಯಮಗಳು ಸುರಕ್ಷತಾ ತರಬೇತಿಯನ್ನೂ ಸೇರಿಸಿವೆ. 2019ರ ತಿದ್ದುಪಡಿಯ ಪ್ರಕಾರ ಪರವಾನಗಿಯ ಅವಧಿ 5 ವರ್ಷ. ಬಳಕೆಯಲ್ಲಿ ಮರೆಯಬಾರದ್ದು ಕರಿಮದ್ದಿನ ಗುಣ: ಅದು ಕಿಡಿಗೆ ಕಾಯುವುದೇ ಇಲ್ಲವೇನೋ ಎಂಬಷ್ಟು ಬೇಗ ಹೊತ್ತುತ್ತದೆ, ಸುಟ್ಟ ಮೇಲೆ ಬಿಡುವ ಮಸಿ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರುವುದು ಹಳಬರ ಕ್ರಮ. ಅಟ್ಟದ ಮೇಲೆ ಅಜ್ಜನ ಕಾಲದ ಬಂದೂಕು ಸಿಕ್ಕಿದವರು ಅದರೊಳಗೆ ಇನ್ನೂ ಮದ್ದು ತುಂಬಿದೆ ಎಂದೇ ತಿಳಿಯಬೇಕು. ಕುದುರೆ ಎಳೆದು ನೋಡದೆ, ಬಾಯಿಯನ್ನು ಯಾರತ್ತಲೂ ತಿರುಗಿಸದೆ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು.