ಕೆನೆಡಿ ಆಡಳಿತದ ಕಾಗದಪತ್ರಗಳೂ ಮೌಖಿಕ ಸಾಕ್ಷ್ಯಗಳೂ: ಒಂದು ಪರಿಶೀಲನೆ

ಅಮೆರಿಕ ಸಂಯುಕ್ತ ಸಂಸ್ಥಾನದ 35ನೆಯ ಅಧ್ಯಕ್ಷರಾಗಿ ಜಾನ್ ಎಫ್. ಕೆನೆಡಿಯವರು 1961ರ ಜನವರಿ 20ರಂದು ಅಧಿಕಾರ ಸ್ವೀಕರಿಸಿದರು. 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಹಂತಕನ ಗುಂಡಿಗೆ ಬಲಿಯಾದರು. ಮೂರು ವರ್ಷಗಳೂ ತುಂಬದ ಈ ಆಡಳಿತವು ತನ್ನ ಹಿಂದೆ ಬಿಟ್ಟುಹೋದ ಸಾಕ್ಷ್ಯಸಾಮಗ್ರಿಯಾದರೋ ಅಲ್ಪವಾದುದಲ್ಲ. ಅದು ಮೂರು ವಿಧವಾಗಿದೆ. ಮೊದಲನೆಯದು, ಕಾರ್ಯಾಲಯದ ಕಾಗದಪತ್ರಗಳು. ಎರಡನೆಯದು, ಆ ಆಡಳಿತದಲ್ಲಿ ಪಾತ್ರವಹಿಸಿದವರು ತರುವಾಯ ನೆನಪಿನಿಂದ ಹೇಳಿದ ಮೌಖಿಕ ಹೇಳಿಕೆಗಳು. ಮೂರನೆಯದು, ಮಂತ್ರಾಲೋಚನೆ ನಡೆಯುತ್ತಿದ್ದಾಗಲೇ ಗುಟ್ಟಾಗಿ ಹಿಡಿದಿಟ್ಟ ಧ್ವನಿಮುದ್ರಿಕೆಗಳು. ಒಂದೇ ಘಟನೆಯನ್ನು ಕುರಿತು ಈ ಮೂರೂ ಬೇರೆಬೇರೆ ರೀತಿಯಲ್ಲಿ ನುಡಿದಾಗ ಚರಿತ್ರಕಾರನು ಯಾವುದನ್ನು ಎಷ್ಟರಮಟ್ಟಿಗೆ ನಂಬಬೇಕು? ಈ ಪ್ರಶ್ನೆಯನ್ನು 1962ರ ಅಕ್ಟೋಬರಿನ ಕ್ಯೂಬಾ ಸಂಕಟವನ್ನು ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಅದೇ ತಿಂಗಳಿನಲ್ಲಿ ಭಾರತದ ಉತ್ತರದ ಗಡಿಯಲ್ಲಿಯೂ ಯುದ್ಧ ಹೊತ್ತಿಕೊಂಡಿದ್ದುದರಿಂದ, ಆ ಸಾಮಗ್ರಿಯಲ್ಲಿ ನಮ್ಮ ದೇಶದ ಚರಿತ್ರೆಗೆ ಸೇರಿದ ಅಂಶವೂ ಇದೆ. ಅದನ್ನು ಮುಂದೆ ವಿಚಾರಮಾಡುತ್ತೇವೆ.

ಮೊದಲು ಈ ಸಾಮಗ್ರಿಯ ಒಡೆತನವನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯ. ಅಮೆರಿಕದ ಅಧ್ಯಕ್ಷರ ಕಾಗದಪತ್ರಗಳು ಬಹುಕಾಲ ಅವರ ಸ್ವಂತ ಆಸ್ತಿಯೆಂದೇ ಪರಿಗಣಿತವಾಗಿದ್ದುವು. ಅಧಿಕಾರ ಬಿಟ್ಟು ಹೋಗುವಾಗ ಅವರು ಅವುಗಳನ್ನು ತಮ್ಮೊಡನೆ ಕೊಂಡೊಯ್ಯುತ್ತಿದ್ದರು. ಅವರ ತರುವಾಯ ಅವು ವಾರಸುದಾರರ ಪಾಲಾಗುತ್ತಿದ್ದುವು. ಲಿಂಕನ್ನರ ಪತ್ರಗಳು ಅವರ ಮಗನ ಷರತ್ತಿಗೆ ಒಳಪಟ್ಟು 1947ರವರೆಗೆ ಮುಚ್ಚಿಯೇ ಇದ್ದುವು. ಹಾರ್ಡಿಂಗ್ ಅವರ ಪತ್ರಗಳಲ್ಲಿ ಅನೇಕವನ್ನು ಅವರ ಪತ್ನಿಯೇ ಬೆಂಕಿಗೆ ಹಾಕಿದರು. ಈ ಪದ್ಧತಿಯನ್ನು ಬದಲಾಯಿಸಲು ಮೊದಲುಮಾಡಿದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಹೈಡ್ ಪಾರ್ಕಿನಲ್ಲಿ ಒಂದು ಗ್ರಂಥಾಲಯವನ್ನು ಕಟ್ಟಿಸಿ ತಮ್ಮ ಪತ್ರಗಳನ್ನು ಅವರು ರಾಷ್ಟ್ರಕ್ಕೆ ಒಪ್ಪಿಸಿದರು. ಅದು 1941ರಲ್ಲಿ ತೆರೆಯಿತು. 1955ರ ಕಾನೂನು ಇಂಥ ದಾನಗಳಿಗೆ ಒಂದು ಕ್ರಮವನ್ನು ಏರ್ಪಡಿಸಿತು. ನಿಕ್ಸನ್ನರ ಪ್ರಕರಣದ ಪರಿಣಾಮವಾಗಿ 1978ರಲ್ಲಿ ಮತ್ತೊಂದು ಕಾನೂನು ಬಂದು, 1981ರ ಜನವರಿಯಿಂದೀಚೆಗೆ ಅಧಿಕಾರಕ್ಕೆ ಬಂದ ಅಧ್ಯಕ್ಷರ ದಾಖಲೆಗಳು ಸಾರ್ವಜನಿಕ ಸ್ವತ್ತೆಂದು ವಿಧಿಸಿತು. ಕೆನೆಡಿಯವರ ಕಾಲ ಈ ಕಾನೂನಿಗಿಂತ ಹಿಂದಿನದು. ಆದಕಾರಣ ಅವರ ಪತ್ರಗಳೂ ಮುದ್ರಿಕೆಗಳೂ ರಾಷ್ಟ್ರಕ್ಕೆ ಬಂದದ್ದು ಅವರ ಕುಟುಂಬದ ದಾನದ ಮೂಲಕ. ದಾನ ಕೊಡುವವನಿಗೆ ಷರತ್ತು ಹಾಕುವ ಹಕ್ಕೂ ಉಂಟೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಬಾಸ್ಟನ್ ನಗರದ ಕಡಲಂಚಿನಲ್ಲಿರುವ ಕೆನೆಡಿ ಗ್ರಂಥಾಲಯವು 1979ರ ಅಕ್ಟೋಬರ್ 20ರಂದು ಉದ್ಘಾಟನೆಯಾಯಿತು. ಆದರೆ ಮೌಖಿಕ ಸಾಕ್ಷ್ಯಗಳನ್ನು ಕೂಡಿಸುವ ಕಾರ್ಯ ಅದಕ್ಕಿಂತ ಬಹಳ ಮೊದಲೇ, 1964ರಲ್ಲಿಯೇ, ಆರಂಭವಾಗಿತ್ತು. ಸಾಧನಗಳ ಒಂದು ವರ್ಗವಾಗಿ ಮೌಖಿಕ ಚರಿತ್ರೆಗೆ ವಿದ್ವತ್ಪ್ರಪಂಚದಲ್ಲಿ ಸ್ಥಾನ ದೊರಕಿಸಿದವರು ಅಲನ್ ನೆವಿನ್ಸ್; ಅವರು ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ 1948ರಲ್ಲಿ ಈ ಕಾರ್ಯವನ್ನು ಪ್ರಾರಂಭಿಸಿದರು. ಕೆನೆಡಿ ಗ್ರಂಥಾಲಯದಲ್ಲಿ ಇಂದು ಇಂಥ ಸಂದರ್ಶನಗಳು ಸಾವಿರಕ್ಕೂ ಮಿಗಿಲಾಗಿವೆ. ಮೊದಮೊದಲಿನ ಸಂದರ್ಶನಗಳಲ್ಲಿ ಪ್ರಶ್ನೆ ಕೇಳಿದವರೂ ಉತ್ತರ ಹೇಳಿದವರೂ ಅನೇಕ ವೇಳೆ ಒಂದೇ ಬಳಗದವರು. ಮೃತನಾದ ನಾಯಕನ ಶೋಕ ಇನ್ನೂ ಆರಿರಲಿಲ್ಲ. ನಮ್ಮ ಶಾಸನಗಳನ್ನು ಓದಿ ಬಲ್ಲವರಿಗೆ ಇಂಥ ಸಾಕ್ಷ್ಯದ ಸ್ವಭಾವವನ್ನು ವಿವರಿಸಬೇಕಾಗಿಲ್ಲ. ಪ್ರಶಸ್ತಿಭಾಗವನ್ನು ಓದುವಾಗ ಯಾವ ಎಚ್ಚರ ಬೇಕೋ ಇಲ್ಲಿಯೂ ಅದೇ ಎಚ್ಚರ ಬೇಕು.

ಮೂರನೆಯ ಬಗೆಯ ಸಾಕ್ಷ್ಯದ ಕಥೆ ವಿಚಿತ್ರವಾದುದು. 1962ರ ಬೇಸಗೆಯಲ್ಲಿ ಕೆನೆಡಿಯವರು ತಮ್ಮ ಕೊಠಡಿಯಲ್ಲಿಯೂ ಮಂತ್ರಿಮಂಡಲದ ಸಭಾಗೃಹದಲ್ಲಿಯೂ ಧ್ವನಿಗ್ರಾಹಕಗಳನ್ನು ಗುಪ್ತವಾಗಿ ಇರಿಸಿದರು. ಗುಂಡಿಯೊಂದನ್ನು ಒತ್ತಿದರೆ ಯಂತ್ರ ಚಲಿಸುವುದು. ಮತ್ತೆ ಒತ್ತಿದರೆ ನಿಲ್ಲುವುದು. ಮೇಜಿನ ಸುತ್ತ ಕುಳಿತವರಲ್ಲಿ ಈ ಸಂಗತಿ ತಿಳಿದಿದ್ದವರು ತೀರ ಕೆಲವರು. ಹೀಗೆ ದೊರೆತ ಮುದ್ರಿಕೆಗಳು ಸಭೆಗಳಿಗೆ ಸಂಬಂಧಿಸಿದಂತೆ ಸುಮಾರು 248 ಗಂಟೆಗಳಷ್ಟು, ದೂರವಾಣಿ ಸಂಭಾಷಣೆಗಳಿಗೆ ಸಂಬಂಧಿಸಿದಂತೆ ಸುಮಾರು 12 ಗಂಟೆಗಳಷ್ಟು ಇವೆ. ಅವುಗಳ ಅಸ್ತಿತ್ವವು ಲೋಕಕ್ಕೆ ತಿಳಿದದ್ದು 1973ರಲ್ಲಿ, ನಿಕ್ಸನ್ನರ ಮುದ್ರಿಕೆಗಳ ವಿಷಯ ಬಯಲಾದ ಬಳಿಕ. 1976ರಲ್ಲಿ ಕುಟುಂಬದವರು ಅವುಗಳನ್ನು ರಾಷ್ಟ್ರೀಯ ದಫ್ತರಖಾನೆಗೆ ವಿಧಿಪೂರ್ವಕವಾಗಿ ಒಪ್ಪಿಸಿದರು. ಕ್ಯೂಬಾ ಸಂಕಟಕ್ಕೆ ಸೇರಿದ ಮುದ್ರಿಕೆಗಳು ಬಹುಮಟ್ಟಿಗೆ ವಿದ್ವಾಂಸರಿಗೆ ದೊರೆತದ್ದು 1997ರ ಹೊತ್ತಿಗೆ.

ಈಗ ಘಟನೆಯನ್ನು ನೋಡೋಣ. 1962ರ ಅಕ್ಟೋಬರ್ 14ರಂದು ಯು-2 ವಿಮಾನವೊಂದು ತೆಗೆದ ಚಿತ್ರಗಳಿಂದ ಸೋವಿಯತ್ ಒಕ್ಕೂಟವು ಕ್ಯೂಬಾದಲ್ಲಿ ಕ್ಷಿಪಣಿನೆಲೆಗಳನ್ನು ನಿರ್ಮಿಸುತ್ತಿದೆಯೆಂಬುದು ಖಚಿತವಾಯಿತು. 16ರಂದು ಅಧ್ಯಕ್ಷರಿಗೆ ಸುದ್ದಿ ಮುಟ್ಟಿತು. 22ರಂದು ಅವರು ಕ್ಯೂಬಾಕ್ಕೆ ನೌಕಾದಿಗ್ಬಂಧನವನ್ನು ಘೋಷಿಸಿದರು. 28ರಂದು ಕ್ರುಶ್ಚೇವ್ ಅವರು ಕ್ಷಿಪಣಿಗಳನ್ನು ಹಿಂತೆಗೆದುಕೊಳ್ಳುವುದಾಗಿ ಸಾರಿದರು. ಈ ನಡುವೆ, 27ರಂದು, ಕ್ರುಶ್ಚೇವರಿಂದ ಒಂದು ಷರತ್ತು ಬಂದಿತ್ತು: ಅಮೆರಿಕವು ತುರ್ಕಿಯಲ್ಲಿ ಇರಿಸಿದ್ದ ಜೂಪಿಟರ್ ಕ್ಷಿಪಣಿಗಳನ್ನು ತೆಗೆಯಬೇಕು. 1965ರಲ್ಲಿ ಪ್ರಕಟವಾದ ಶ್ಲೆಸಿಂಜರ್ ಮತ್ತು ಸೊರೆನ್ಸನ್ ಅವರ ಬೃಹದ್ಗ್ರಂಥಗಳೂ, ರಾಬರ್ಟ್ ಕೆನೆಡಿಯವರ ಮರಣಾನಂತರ 1969ರಲ್ಲಿ ಹೊರಬಂದ ಅವರ ‘ಹದಿಮೂರು ದಿನಗಳು’ ಎಂಬ ಸ್ಮೃತಿಗ್ರಂಥವೂ ಈ ವಿನಿಮಯವನ್ನು ಅಧ್ಯಕ್ಷರು ಒಪ್ಪಲಿಲ್ಲವೆಂಬ ಭಾವನೆಯನ್ನೇ ಓದುಗರಲ್ಲಿ ಮೂಡಿಸಿದುವು. 27ರ ರಾತ್ರಿ ಸೋವಿಯತ್ ರಾಯಭಾರಿ ದೊಬ್ರಿನಿನ್ ಅವರನ್ನು ಕಂಡಾಗ, ಯಾವ ಕೊಡುಕೊಳೆಯೂ ಸಾಧ್ಯವಿಲ್ಲವೆಂದೂ, ಆ ಕ್ಷಿಪಣಿಗಳನ್ನು ತೆಗೆಯುವುದು ಅಧ್ಯಕ್ಷರ ಹಳೆಯ ಇಚ್ಛೆಯೇ ಆಗಿತ್ತೆಂದೂ ತಾವು ಹೇಳಿದುದಾಗಿ ರಾಬರ್ಟರ ಗ್ರಂಥ ನಿರೂಪಿಸುತ್ತದೆ.

ವಾಸ್ತವಾಂಶ ಹೊರಬರಲು ಕಾಲು ಶತಮಾನ ಹಿಡಿಯಿತು. ಅಧ್ಯಕ್ಷರ ರಾಷ್ಟ್ರರಕ್ಷಣಾ ಸಲಹೆಗಾರರಾಗಿದ್ದ ಮೆಕ್‌ಜಾರ್ಜ್ ಬಂಡಿಯವರು, 27ರ ಸಂಜೆ ಕೆಲವೇ ಮಂದಿ ಅಧ್ಯಕ್ಷರ ಕೊಠಡಿಯಲ್ಲಿ ಸೇರಿ, ತುರ್ಕಿಯ ಕ್ಷಿಪಣಿಗಳನ್ನು ತೆಗೆಯುವ ಗುಪ್ತ ಆಶ್ವಾಸನೆಯನ್ನು ಕೊಡಲು ನಿಶ್ಚಯಿಸಿದರೆಂದು 1988ರ ತಮ್ಮ ಗ್ರಂಥದಲ್ಲಿ ತಿಳಿಸಿದರು. 1989ರ ಜನವರಿಯಲ್ಲಿ ಮಾಸ್ಕೋದಲ್ಲಿ ನಡೆದ ಸಮ್ಮೇಳನದಲ್ಲಿ ದೊಬ್ರಿನಿನ್ ಅವರ ಸಮ್ಮುಖದಲ್ಲಿಯೇ ಸೊರೆನ್ಸನ್ ಅವರು, ರಾಬರ್ಟ್ ಕೆನೆಡಿಯವರ ದಿನಚರಿಯಲ್ಲಿ ಈ ಒಪ್ಪಂದದ ಉಲ್ಲೇಖ ಸ್ಪಷ್ಟವಾಗಿಯೇ ಇತ್ತೆಂದೂ, ಗ್ರಂಥವನ್ನು ಸಂಪಾದಿಸುವಾಗ ಅದನ್ನು ತಾವೇ ತೆಗೆದುಹಾಕಿದರೆಂದೂ ಒಪ್ಪಿಕೊಂಡರು. ತುರ್ಕಿಯಲ್ಲಿದ್ದ 15 ಜೂಪಿಟರ್ ಕ್ಷಿಪಣಿಗಳು 1963ರ ಏಪ್ರಿಲ್ ಹೊತ್ತಿಗೆ ಅಲ್ಲಿಂದ ಹೊರಟುಹೋಗಿದ್ದುವು.

ಇದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ವಿಷಯವಲ್ಲ. ಆ ಸಂಜೆಯ ಕೂಟಕ್ಕೆ ಉಪಾಧ್ಯಕ್ಷ ಲಿಂಡನ್ ಜಾನ್ಸನ್ನರನ್ನು ಕರೆದಿರಲಿಲ್ಲ. ಒಂದು ವರ್ಷದ ಬಳಿಕ ಅಧ್ಯಕ್ಷಪದವಿಗೆ ಬಂದ ಅವರ ಮುಂದೆ, ಮತ್ತು ಅಮೆರಿಕದ ಜನತೆಯ ಮುಂದೆ, ಇದ್ದ ಕ್ಯೂಬಾದ ಪಾಠವು, ಎದುರಾಳಿಯ ಮುಂದೆ ಅಣುಮಾತ್ರವೂ ಸಡಿಲದೆ ನಿಂತರೆ ಅವನೇ ಹಿಂದೆಗೆಯುತ್ತಾನೆ ಎಂಬುದಾಗಿತ್ತು. ವಿಯಟ್ನಾಮಿನಲ್ಲಿ ಹೆಜ್ಜೆಹೆಜ್ಜೆಗೂ ಯುದ್ಧವನ್ನು ಏರಿಸುತ್ತ ಹೋದ ವರ್ಷಗಳಲ್ಲಿ ಈ ಪಾಠದ ಛಾಯೆ ಇತ್ತೆಂದು ಹಲವು ಚರಿತ್ರಕಾರರು ಅಭಿಪ್ರಾಯಪಟ್ಟಿದ್ದಾರೆ. ಅದರ ಪ್ರಮಾಣವನ್ನು ಕುರಿತು ವಾದವಿರಬಹುದು. ಆದರೆ ಮುಚ್ಚಿಟ್ಟ ಒಂದು ವಾಕ್ಯವು ರಾಷ್ಟ್ರವೊಂದರ ತಿಳಿವಳಿಕೆಯನ್ನೇ ಓರೆಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಅಪರೂಪ.

ಧ್ವನಿಮುದ್ರಿಕೆಗಳು ಸ್ಮೃತಿಗ್ರಂಥವನ್ನು ಇನ್ನೊಂದು ರೀತಿಯಲ್ಲಿಯೂ ತಿದ್ದುತ್ತವೆ. ‘ಹದಿಮೂರು ದಿನಗಳು’ ಗ್ರಂಥದಲ್ಲಿ ರಾಬರ್ಟ್ ಕೆನೆಡಿಯವರು ಮೊದಲಿನಿಂದಲೂ ಸಂಯಮದ ಪಕ್ಷದವರಾಗಿ ತೋರುತ್ತಾರೆ. 16ರ ಸಭೆಯ ಮುದ್ರಿಕೆಯಲ್ಲಾದರೋ ಅವರು, 1898ರಲ್ಲಿ ಹವಾನಾ ಬಂದರಿನಲ್ಲಿ ಮುಳುಗಿದ ‘ಮೇನ್’ ಹಡಗಿನ ಪ್ರಸಂಗವನ್ನು ನೆನೆದು, ಅಂಥದೊಂದು ನೆಪವನ್ನು ಒದಗಿಸಿಕೊಳ್ಳಬಹುದೇ ಎಂದು ಕೇಳುವುದು ಕಿವಿಗೆ ಬೀಳುತ್ತದೆ. ಇದಕ್ಕೆ ಪ್ರತಿಯಾಗಿ ಅಧ್ಯಕ್ಷರು 27ರಂದು ತಮ್ಮ ಸಲಹೆಗಾರರಲ್ಲಿ ಬಹುಮಂದಿಯ ವಿರೋಧವನ್ನು ಎದುರಿಸಿ, ತುರ್ಕಿಯ ವಿನಿಮಯವು ಲೋಕದ ಕಣ್ಣಿಗೆ ಅನ್ಯಾಯವಾಗಿ ತೋರಲಾರದೆಂದು ಮತ್ತೆ ಮತ್ತೆ ವಾದಿಸುತ್ತಾರೆ. 19ರಂದು ವಾಯುಸೇನಾಧಿಪತಿ ಲೆಮೇ ಅವರು ದಿಗ್ಬಂಧನವನ್ನು ಮ್ಯೂನಿಕ್ ಒಪ್ಪಂದಕ್ಕೆ ಹೋಲಿಸಿ ಖಂಡಿಸಿದ ಮಾತೂ, ಅಧ್ಯಕ್ಷರು ಎದ್ದುಹೋದ ಮೇಲೆ ಯಂತ್ರ ಓಡುತ್ತಿದೆಯೆಂದು ತಿಳಿಯದೆ ಸೇನಾಧಿಪತಿಗಳು ತಮ್ಮತಮ್ಮೊಳಗೆ ಆಡಿಕೊಂಡ ಮಾತೂ ಆ ಸುರುಳಿಗಳಲ್ಲಿ ಉಳಿದಿವೆ. ಯಾವ ಸಭಾವೃತ್ತಾಂತದಲ್ಲಿಯೂ ಇಂಥ ಮಾತು ಸ್ಥಾನ ಪಡೆಯುತ್ತಿರಲಿಲ್ಲ.

ಹಾಗೆಂದು ಧ್ವನಿಮುದ್ರಿಕೆಯನ್ನೇ ಪರಮಪ್ರಮಾಣವೆಂದು ಭಾವಿಸುವುದೂ ಸರಿಯಲ್ಲ. ಇದಕ್ಕೆ ಮೂರು ಕಾರಣಗಳಿವೆ. ಒಂದು, ಮುದ್ರಿಕೆಯ ಇಂಗಿತವನ್ನು ಬಲ್ಲ ಅಧ್ಯಕ್ಷರು ಅದನ್ನು ಮರೆತು ಮಾತನಾಡಿದರೆಂದು ಹೇಳುವಂತಿಲ್ಲ; ಉಳಿದವರಿಗೆ ಇಲ್ಲದಿದ್ದ ಎಚ್ಚರ ಅವರಿಗೆ ಇದ್ದಿರಬಹುದು. ಎರಡು, ಸುರುಳಿಯ ಮಾತನ್ನು ಬರಹಕ್ಕೆ ಇಳಿಸುವುದೇ ಒಂದು ವ್ಯಾಖ್ಯಾನ. ಮೇ ಮತ್ತು ಜೆಲಿಕೋ ಅವರು 1997ರಲ್ಲಿ ಪ್ರಕಟಿಸಿದ ಪಾಠದಲ್ಲಿ ಹಲವು ದೋಷಗಳಿವೆಯೆಂದು, ಕೆನೆಡಿ ಗ್ರಂಥಾಲಯದಲ್ಲಿಯೇ ಚರಿತ್ರಕಾರರಾಗಿದ್ದ ಷೆಲ್ಡನ್ ಸ್ಟರ್ನ್ ಅವರು ಮುದ್ರಿಕೆಗಳನ್ನು ಮತ್ತೆ ಮತ್ತೆ ಕೇಳಿ ತೋರಿಸಿಕೊಟ್ಟರು. 2001ರಲ್ಲಿ ಪರಿಷ್ಕೃತ ಪಾಠ ಹೊರಬಂದಿತು. ಹಸ್ತಪ್ರತಿಗಳ ಪಾಠಾಂತರಗಳೊಡನೆ ಸೆಣಸುವವರಿಗೆ ಇದು ಹೊಸ ಅನುಭವವಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಗುಪ್ತ ಆಶ್ವಾಸನೆಯನ್ನು ನಿಶ್ಚಯಿಸಿದ 27ರ ಆ ಸಂಜೆಯ ಕೂಟದ ಮುದ್ರಿಕೆಯೇ ಇಲ್ಲ. ನೂರಾರು ಗಂಟೆಗಳ ಧ್ವನಿಸಂಗ್ರಹವು ನಿರ್ಣಾಯಕವಾದ ಆ ಅಲ್ಪಕಾಲದಲ್ಲಿ ಮೌನವಾಗಿದೆ. ಅದನ್ನು ತುಂಬಿಕೊಟ್ಟದ್ದು ವೃದ್ಧರ ನೆನಪು. ಆ ನೆನಪಿಗೆ ಪುಷ್ಟಿ ಕೊಟ್ಟದ್ದು ಮಾಸ್ಕೋದ ದಫ್ತರದಿಂದ 1990ರ ದಶಕದಲ್ಲಿ ಹೊರಬಂದ ದೊಬ್ರಿನಿನ್ ಅವರ ತಂತಿವರದಿ.

ಮೌಖಿಕ ಸಾಕ್ಷ್ಯದ ಬಲವೂ ದೌರ್ಬಲ್ಯವೂ ಶ್ರೀಮತಿ ಜಾಕ್ವೆಲಿನ್ ಕೆನೆಡಿಯವರ ಸಂದರ್ಶನಗಳಲ್ಲಿ ಒಟ್ಟಾಗಿ ಕಾಣಬರುತ್ತವೆ. ಪತಿ ತೀರಿಕೊಂಡ ಕೆಲವೇ ತಿಂಗಳಲ್ಲಿ, 1964ರ ಮಾರ್ಚಿಯಿಂದ ಜೂನ್‌ವರೆಗೆ, ಅವರು ಶ್ಲೆಸಿಂಜರ್ ಅವರೊಡನೆ ಏಳು ಬಾರಿ ಮಾತನಾಡಿದರು. ಆ ಮಾತುಗಳು 2011ರವರೆಗೆ ಮುಚ್ಚಿದ್ದುವು. ಅವುಗಳಲ್ಲಿ, 1961ರ ನವೆಂಬರಿನಲ್ಲಿ ತಂದೆಯೊಡನೆ ಅಮೆರಿಕಕ್ಕೆ ಹೋಗಿದ್ದ ಶ್ರೀಮತಿ ಇಂದಿರಾ ಗಾಂಧಿಯವರನ್ನು ಕುರಿತು ತೀರ ಕಟುವಾದ ನುಡಿಗಳಿವೆ. ಹೆಂಗಸರೊಡನೆ ಕುಳಿತಿರುವುದು ಅವರಿಗೆ ರುಚಿಸಲಿಲ್ಲವೆಂಬ ಆಕ್ಷೇಪವಿದೆ. ಇದು ಇಂದಿರಾ ಗಾಂಧಿಯವರ ಸ್ವಭಾವಕ್ಕೆ ಸಾಕ್ಷ್ಯವೆಂದು ನಾವು ತಿಳಿಯತಕ್ಕದ್ದಲ್ಲ. ಅತಿಥಿಯಾಗಿ ಬಂದ ಸ್ತ್ರೀಯೊಬ್ಬಳು ಹೇಗೆ ನಡೆದುಕೊಳ್ಳಬೇಕೆಂದು ಅಂದಿನ ಶ್ವೇತಭವನವು ನಿರೀಕ್ಷಿಸುತ್ತಿತ್ತು ಎಂಬುದಕ್ಕೆ ಅದು ನಿಸ್ಸಂದೇಹವಾದ ಸಾಕ್ಷ್ಯ. ಸಾಕ್ಷಿಯು ಯಾರನ್ನು ಕುರಿತು ಹೇಳುತ್ತಾನೋ ಅವರಿಗಿಂತ ಹೆಚ್ಚಾಗಿ ತನ್ನನ್ನೇ ತಿಳಿಯಪಡಿಸುವ ಸಂದರ್ಭಗಳುಂಟು.

ಇನ್ನು ಭಾರತಕ್ಕೆ ಸೇರಿದ ಭಾಗ. ಚೀನಾದ ಸೇನೆ ನಮ್ಮ ಗಡಿಯ ಮೇಲೆ ಎರಗಿದ್ದು 1962ರ ಅಕ್ಟೋಬರ್ 20ರಂದು. ವಾಷಿಂಗ್ಟನ್ನಿನ ಗಮನವೆಲ್ಲ ಆಗ ಕ್ಯೂಬಾದ ಮೇಲಿತ್ತು. ನವೆಂಬರ್ 19ರಂದು, ಸೇಲಾ ಮತ್ತು ಬೊಮ್ಡಿಲಾ ಕೈಬಿಟ್ಟುಹೋಗಿದ್ದ ದಾರುಣ ಸಮಯದಲ್ಲಿ, ಪ್ರಧಾನಮಂತ್ರಿ ನೆಹರೂ ಅವರು ಕೆನೆಡಿಯವರಿಗೆ ಎರಡು ಪತ್ರಗಳನ್ನು ಬರೆದರು. ಕಡಿಮೆಯೆಂದರೆ 12 ಸ್ಕ್ವಾಡ್ರನ್ನುಗಳಷ್ಟು ಯುದ್ಧವಿಮಾನಗಳು ಬೇಕೆಂದೂ, ನಮ್ಮವರು ಶಿಕ್ಷಣ ಹೊಂದುವವರೆಗೆ ಅವುಗಳನ್ನು ಅಮೆರಿಕದ ಸಿಬ್ಬಂದಿಯೇ ನಡೆಸಬೇಕೆಂದೂ, ಎರಡು ಸ್ಕ್ವಾಡ್ರನ್ ಬಾಂಬರುಗಳನ್ನೂ ಒದಗಿಸಬೇಕೆಂದೂ ಅವುಗಳಲ್ಲಿ ಕೋರಿಕೆಯಿತ್ತು. ಎರಡೇ ದಿನಗಳಲ್ಲಿ ಚೀನಾ ಕದನವಿರಾಮವನ್ನು ಸಾರಿದ್ದರಿಂದ ಆ ಕೋರಿಕೆ ಅಲ್ಲಿಗೇ ನಿಂತಿತು. ಪತ್ರಗಳನ್ನು ತಲುಪಿಸಿದ ರಾಯಭಾರಿ ಬಿ. ಕೆ. ನೆಹರೂ ಅವರು 1997ರ ತಮ್ಮ ಆತ್ಮಕಥೆಯಲ್ಲಿ ಅವುಗಳ ಪ್ರಸ್ತಾಪ ಮಾಡಿದರು. ಪತ್ರಗಳ ಪೂರ್ಣಪಾಠವನ್ನು ಕೆನೆಡಿ ಗ್ರಂಥಾಲಯವು ವಿದ್ವಾಂಸರಿಗೆ ತೆರೆದದ್ದು ದಶಕಗಳ ತರುವಾಯ. 2005ರಲ್ಲಿ ಅದೇ ಗ್ರಂಥಾಲಯದಿಂದ ಹೊರಬಂದ 1963ರ ಮೇ ತಿಂಗಳ ಮುದ್ರಿಕೆಯೊಂದರಲ್ಲಿ, ಭಾರತದ ಮೇಲೆ ಮತ್ತೆ ಆಕ್ರಮಣವಾದರೆ ಅದನ್ನು ರಕ್ಷಿಸಬೇಕೆಂದು ಕೆನೆಡಿಯವರು ಹೇಳುವುದೂ, ಅಂಥ ವಚನ ಕೊಡುವ ಮೊದಲು ಅಣ್ವಸ್ತ್ರಗಳ ಪ್ರಯೋಗ ಅನಿವಾರ್ಯವಾಗಬಹುದೆಂಬುದನ್ನು ಮನಗಾಣಬೇಕೆಂದು ರಕ್ಷಣಾಮಂತ್ರಿ ಮೆಕ್‌ನಮಾರಾ ಎಚ್ಚರಿಸುವುದೂ ಕೇಳಿಬರುತ್ತವೆ.

ಈ ಪತ್ರಗಳನ್ನು ಮುಂದಿಟ್ಟುಕೊಂಡು ನೆಹರೂ ಅವರ ಅಲಿಪ್ತನೀತಿಯನ್ನು ಪರಿಹಾಸ್ಯ ಮಾಡುವವರೂ ಇದ್ದಾರೆ, ಪತ್ರಗಳ ಮಹತ್ತ್ವವನ್ನು ತಗ್ಗಿಸಿ ಹೇಳುವವರೂ ಇದ್ದಾರೆ. ಎರಡೂ ಚರಿತ್ರಕಾರನ ಮಾರ್ಗವಲ್ಲ. ಸೋಲಿನ ಮಧ್ಯದಲ್ಲಿ ಬರೆದ ಪತ್ರವು ಆ ದಿನದ ಮನಸ್ಸಿಗೆ ಸಾಕ್ಷಿ. ಹದಿನೈದು ವರ್ಷಗಳ ನೀತಿಗೆ ಅದೊಂದೇ ಸಾಕ್ಷಿಯಾಗಲಾರದು. ಆದರೆ ಅದನ್ನು ಬಿಟ್ಟು ಆ ನೀತಿಯ ಚರಿತ್ರೆಯನ್ನು ಬರೆಯುವುದೂ ಸಾಧ್ಯವಿಲ್ಲ.

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸಿದ್ಧವಾಗುತ್ತವೆ. ಕಾಗದ, ನೆನಪು, ಧ್ವನಿ ಈ ಮೂರರಲ್ಲಿ ಯಾವುದೂ ಸ್ವತಃ ಪ್ರಮಾಣವಲ್ಲ. ಒಂದರ ಮೌನವನ್ನು ಮತ್ತೊಂದರ ನುಡಿಯಿಂದ ಪರೀಕ್ಷಿಸಬೇಕು. ಸಾಕ್ಷ್ಯವನ್ನು ಓದುವ ಮೊದಲು ಅದನ್ನು ಉಳಿಸಿದವರು ಯಾರು, ತೆರೆದವರು ಯಾರು, ಯಾವಾಗ ತೆರೆದರು ಎಂಬುದನ್ನು ಕೇಳಬೇಕು. ಕೊನೆಯದಾಗಿ, ಕ್ಯೂಬಾದ ಒಪ್ಪಂದದ ಸತ್ಯವು ಒಂದೇ ರಾಷ್ಟ್ರದ ದಫ್ತರದಿಂದ ಪೂರ್ಣವಾಗಿ ದೊರೆಯಲಿಲ್ಲ; ಎರಡು ಕಡೆಯ ದಾಖಲೆಗಳೂ ಎರಡು ಕಡೆಯ ವೃದ್ಧರೂ ಒಂದೆಡೆ ಕೂಡಬೇಕಾಯಿತು. 1962ರ ಶರತ್ಕಾಲದ ಭಾರತದ ಚರಿತ್ರೆಗೂ ಈ ಮಾತು ಸಲ್ಲುತ್ತದೆ. ಬಾಸ್ಟನ್ನಿನ ಸಾಮಗ್ರಿಯಲ್ಲಿ ದೊರೆಯುವುದು ಕೋರಿಕೆ ಹೋಗಿ ಮುಟ್ಟಿದ ಕಡೆಯ ಕಥೆ. ಅದು ಹೊರಟ ಕಡೆಯ ಕಥೆಯನ್ನು ನಮ್ಮ ದೇಶದ ದಫ್ತರಗಳಿಂದಲೂ, ಆ ದಿನಗಳನ್ನು ಕಂಡು ಬದುಕಿರುವ ಕೆಲವರ ನೆನಪಿನಿಂದಲೂ ಕೂಡಿಸಿಕೊಳ್ಳಬೇಕಾಗಿದೆ. ಕಾಗದವು ಕಾಯಬಹುದಾದಷ್ಟು ಕಾಲ ನೆನಪು ಕಾಯಲಾರದು.