ವಾರನ್ ಮೂನ್: ಗಡಿಯಾಚೆ ಹೋಗಿ ಗೆದ್ದ ಕ್ವಾರ್ಟರ್‌ಬ್ಯಾಕ್

ಕೆನಡಾದಲ್ಲಿ 6 ವರ್ಷ, ಅಮೆರಿಕದಲ್ಲಿ 17 ವರ್ಷ ವೃತ್ತಿಪರ ಫುಟ್‌ಬಾಲ್ ಆಡಿದ ವಾರನ್ ಮೂನ್, ಎರಡೂ ದೇಶಗಳ 'ಹಾಲ್ ಆಫ್ ಫೇಮ್' ಗೌರವ ಪಟ್ಟಿಗೆ ಸೇರಿದ ಏಕೈಕ ಆಟಗಾರ. ಆದರೆ ಅಮೆರಿಕದವರಾದ ಅವರನ್ನು ಅಮೆರಿಕದ ತಂಡಗಳೇ ಮೊದಲು ಕ್ವಾರ್ಟರ್‌ಬ್ಯಾಕ್ ಎಂದು ಒಪ್ಪಲಿಲ್ಲ. ಅವರು ಕಪ್ಪು ವರ್ಣೀಯರು ಎಂಬುದು ಅದಕ್ಕೆ ದೊಡ್ಡ ಕಾರಣ.

ಇದು ಯಾವ ಆಟ?

ನಮ್ಮಲ್ಲಿ ಕಾಲಿನಿಂದ ಒದೆಯುವ ಫುಟ್‌ಬಾಲ್ ಇದಲ್ಲ. ಇಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಜೊತೆಗಾರನಿಗೆ ಎಸೆಯುತ್ತಾರೆ. ಎದುರಾಳಿಗಳು ಚೆಂಡು ಹಿಡಿದವನನ್ನು ಕೆಡವುತ್ತಾರೆ. ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿದರೆ 'ಟಚ್‌ಡೌನ್', ಅಂದರೆ 6 ಅಂಕ.

ದಾಳಿಯ ವೇಳೆ ಸಾಮಾನ್ಯವಾಗಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಎಸೆಯಬೇಕು, ಯಾವಾಗ ಓಡಬೇಕು ಎಂದು ಎರಡು ಮೂರು ಸೆಕೆಂಡಿನಲ್ಲಿ ನಿರ್ಧರಿಸುವವರು ಅವರೇ. ಹಾಗಾಗಿ ತಂಡದ ನಾಯಕತ್ವವೂ ಹೆಚ್ಚಾಗಿ ಅವರದೇ.

ಎರಡು ದೇಶಗಳ ಆಟ ಒಂದೇ ಬೇರಿನದಾದರೂ ನಿಯಮಗಳಲ್ಲಿ ವ್ಯತ್ಯಾಸವಿದೆ. ಅಮೆರಿಕದಲ್ಲಿ ತಂಡಕ್ಕೆ 11 ಮಂದಿ, 10 ಗಜ ಮುಂದೆ ಸಾಗಲು 4 ಅವಕಾಶ. ಕೆನಡಾದಲ್ಲಿ 12 ಮಂದಿ, 3 ಅವಕಾಶ. ಮೂನ್ ಆಡಿದ ಕಾಲದಲ್ಲಿ ಕೆನಡಾದ ಮೈದಾನ 110 ಗಜ ಉದ್ದ, 65 ಗಜ ಅಗಲ ಇತ್ತು. ಅಮೆರಿಕದ ಮೈದಾನಕ್ಕಿಂತ ಇದು ದೊಡ್ಡದು. ಅವಕಾಶ ಕಡಿಮೆ, ಜಾಗ ಹೆಚ್ಚು ಇದ್ದುದರಿಂದ ದೂರ ಎಸೆಯುವ ತೋಳಿಗೆ ಅಲ್ಲಿ ಬೆಲೆ ಹೆಚ್ಚು.

ಮನೆಯಲ್ಲೇ ಮುಚ್ಚಿದ ಬಾಗಿಲು

ಮೂನ್ ಹುಟ್ಟಿದ್ದು 1956ರ ನವೆಂಬರ್ 18ರಂದು, ಲಾಸ್ ಏಂಜಲೀಸ್‌ನಲ್ಲಿ. ಏಳನೇ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ನರ್ಸ್ ಆಗಿದ್ದ ತಾಯಿ ಮಕ್ಕಳನ್ನು ಸಾಕಿದರು. ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಸೇರಿದ ಮೊದಲ ವರ್ಷಗಳಲ್ಲಿ ತವರಿನ ಪ್ರೇಕ್ಷಕರೇ ಅವರನ್ನು ಗೇಲಿ ಮಾಡಿದ್ದುಂಟು. ಆದರೂ 1978ರ ಜನವರಿಯಲ್ಲಿ ಪ್ರತಿಷ್ಠಿತ ರೋಸ್ ಬೌಲ್ ಪಂದ್ಯದಲ್ಲಿ ಮಿಷಿಗನ್ ತಂಡವನ್ನು 27-20ರಿಂದ ಸೋಲಿಸಿ, ಪಂದ್ಯದ ಶ್ರೇಷ್ಠ ಆಟಗಾರರಾದರು.

ಇಷ್ಟಾದರೂ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ತಂಡಗಳು ಆಸಕ್ತಿ ತೋರಲಿಲ್ಲ. ಬೇರೆ ಸ್ಥಾನದಲ್ಲಿ ಆಡುವಂತೆ ಸಲಹೆ ಬಂತು. ಕಪ್ಪು ವರ್ಣೀಯ ಆಟಗಾರರು ಓಡಲು, ಹಿಡಿಯಲು ಸೈ, ತಂಡ ನಡೆಸಲು ಆಗದು ಎಂಬ ಪೂರ್ವಗ್ರಹ ಆಗ ಗಟ್ಟಿಯಾಗಿತ್ತು. ಮೂನ್‌ಗಿಂತ ಮೊದಲು ಚಕ್ ಈಲಿ ಎಂಬುವರಿಗೂ ಹೀಗೇ ಆಗಿತ್ತು. ಟೊಲೆಡೊ ವಿಶ್ವವಿದ್ಯಾಲಯಕ್ಕಾಗಿ ಸತತ 35 ಪಂದ್ಯ ಗೆದ್ದರೂ ಎನ್‌ಎಫ್‌ಎಲ್ ಅವರನ್ನು ಆರಿಸಲಿಲ್ಲ. ಅವರು ಕೆನಡಾದ ಹ್ಯಾಮಿಲ್ಟನ್‌ಗೆ ಹೋಗಿ, ಮೊದಲ ವರ್ಷವೇ, 1972ರಲ್ಲಿ, ಆ ದೇಶದ ಚಾಂಪಿಯನ್‌ಶಿಪ್ ಆದ ಗ್ರೇ ಕಪ್ ಗೆದ್ದರು.

ಮೂನ್ ಸ್ಥಾನ ಬದಲಿಸಲು ಒಪ್ಪಲಿಲ್ಲ. 1978ರ ಎನ್‌ಎಫ್‌ಎಲ್ ಆಯ್ಕೆಗೆ ಕೆಲವು ವಾರ ಮುಂಚೆಯೇ ಕೆನಡಾದ ಎಡ್ಮಂಟನ್ ತಂಡದ ಒಪ್ಪಂದಕ್ಕೆ ಸಹಿ ಹಾಕಿದರು. ಆಯ್ಕೆಯ 12 ಸುತ್ತುಗಳಲ್ಲಿ ಒಂದರಲ್ಲೂ ಅವರ ಹೆಸರು ಬರಲಿಲ್ಲ.

ಎಡ್ಮಂಟನ್‌ನ ಐದು ಕಪ್

ಎಡ್ಮಂಟನ್ ಆಲ್ಬರ್ಟಾ ಪ್ರಾಂತ್ಯದ ಚಳಿಯೂರು. ಅಲ್ಲಿನ ತಂಡಕ್ಕೆ ಆಗ ಎಸ್ಕಿಮೋಸ್ ಎಂಬ ಹೆಸರಿತ್ತು. 2020ರಲ್ಲಿ ಆ ಹೆಸರನ್ನು ಕೈಬಿಟ್ಟ ತಂಡ 2021ರಲ್ಲಿ ಎಲ್ಕ್ಸ್ ಆಯಿತು. ಕೋಚ್ ಹ್ಯೂ ಕ್ಯಾಂಪ್‌ಬೆಲ್ ಮೂನ್ ಅವರನ್ನು ಅವಸರಪಡಿಸಲಿಲ್ಲ. ಹಿರಿಯ ಕ್ವಾರ್ಟರ್‌ಬ್ಯಾಕ್ ಟಾಮ್ ವಿಲ್ಕಿನ್ಸನ್ ಜೊತೆ ಸರದಿಯಲ್ಲಿ ಆಡಿಸುತ್ತಾ ಬೆಳೆಸಿದರು. 1978ರಿಂದ 1982ರವರೆಗೆ ಎಡ್ಮಂಟನ್ ಸತತ ಐದು ಗ್ರೇ ಕಪ್ ಗೆದ್ದಿತು.

ಇವುಗಳಲ್ಲಿ 1981ರ ಫೈನಲ್ ಮರೆಯಲಾಗದ್ದು. ಆ ಸೀಸನ್‌ನಲ್ಲಿ ಎಡ್ಮಂಟನ್ ಸೋತದ್ದು ಒಂದೇ ಪಂದ್ಯ, ಎದುರಾಳಿ ಒಟ್ಟಾವಾ 11 ಸೋತಿತ್ತು. ಆದರೆ ಮಾಂಟ್ರಿಯಲ್‌ನಲ್ಲಿ ಅರ್ಧ ಪಂದ್ಯ ಮುಗಿದಾಗ ಒಟ್ಟಾವಾ 20-1ರಿಂದ ಮುಂದಿತ್ತು! ತಡವರಿಸುತ್ತಿದ್ದ ಮೂನ್ ಅವರನ್ನು ಹೊರಗೆ ಕೂರಿಸಿ ವಿಲ್ಕಿನ್ಸನ್ ಅವರನ್ನು ಇಳಿಸಲಾಗಿತ್ತು. ದ್ವಿತೀಯಾರ್ಧದಲ್ಲಿ ಮರಳಿದ ಮೂನ್ ಎರಡು ಟಚ್‌ಡೌನ್‌ಗಳನ್ನು ತಾವೇ ಓಡಿ ಗಳಿಸಿದರು. ಕೊನೆಯ ಕ್ಷಣದಲ್ಲಿ ಡೇವ್ ಕಟ್ಲರ್ ಒದ್ದ ಚೆಂಡು ಎಡ್ಮಂಟನ್‌ಗೆ 26-23ರ ಗೆಲುವು ತಂದಿತು.

1982ರಲ್ಲಿ ಮೂನ್ ಎಸೆತಗಳಿಂದ ಸರಿಯಾಗಿ 5,000 ಗಜ ಗಳಿಸಿದರು. ವೃತ್ತಿಪರ ಫುಟ್‌ಬಾಲ್‌ನಲ್ಲಿ ಒಂದೇ ಸೀಸನ್‌ನಲ್ಲಿ ಇಷ್ಟು ದೂರ ತಲುಪಿದ ಮೊದಲಿಗರು ಅವರು. ಮರುವರ್ಷ 5,648 ಗಜ ಗಳಿಸಿ ಕೆನಡಾ ಲೀಗಿನ ವರ್ಷದ ಶ್ರೇಷ್ಠ ಆಟಗಾರರಾದರು.

ಕರೆದು ಮಣೆ ಹಾಕಿದರು

ಬೇಡವೆಂದಿದ್ದ ಎನ್‌ಎಫ್‌ಎಲ್‌ನ ತಂಡಗಳೇ ಈಗ ಪೈಪೋಟಿಗೆ ಬಿದ್ದವು. 1984ರಲ್ಲಿ ಮೂನ್ ಹ್ಯೂಸ್ಟನ್ ಆಯಿಲರ್ಸ್ ಸೇರಿದರು. ಅಲ್ಲಿಯೂ ಕೋಚ್ ಕ್ಯಾಂಪ್‌ಬೆಲ್ ಅವರೇ. ಮೊದಲ ವರ್ಷ 16 ಪಂದ್ಯಗಳಲ್ಲಿ ಗೆದ್ದದ್ದು ಮೂರೇ ಆದರೂ, 1987ರಿಂದ 1993ರವರೆಗೆ ಹ್ಯೂಸ್ಟನ್ ಪ್ರತಿ ವರ್ಷ ಪ್ಲೇಆಫ್ ತಲುಪಿತು. 1990ರ ಡಿಸೆಂಬರ್‌ನಲ್ಲಿ ಕಾನ್ಸಾಸ್ ಸಿಟಿ ವಿರುದ್ಧ ಮೂನ್ ಒಂದೇ ಪಂದ್ಯದಲ್ಲಿ 527 ಗಜ ಎಸೆದರು.

ಅಮೆರಿಕದ ಅತಿ ದೊಡ್ಡ ಪಂದ್ಯವಾದ ಸೂಪರ್ ಬೌಲ್ ಮಾತ್ರ ಅವರಿಗೆ ದಕ್ಕಲಿಲ್ಲ. 1993ರ ಜನವರಿಯಲ್ಲಿ ಬಫಲೋ ವಿರುದ್ಧ 35-3ರಿಂದ ಮುಂದಿದ್ದ ಹ್ಯೂಸ್ಟನ್, ಹೆಚ್ಚುವರಿ ಸಮಯದಲ್ಲಿ 41-38ರಿಂದ ಸೋತಿತು. 1981ರಲ್ಲಿ ಒಟ್ಟಾವಾ ಉಂಡ ನೋವನ್ನು ಮೂನ್ ಅಂದು ತಾವೇ ಉಂಡರು.

ಬಳಿಕ ಮಿನೆಸೊಟಾ, ಸಿಯಾಟಲ್, ಕಾನ್ಸಾಸ್ ಸಿಟಿ ತಂಡಗಳಿಗೆ ಆಡಿ, 44ನೇ ವಯಸ್ಸಿನಲ್ಲಿ ನಿವೃತ್ತರಾದರು. 2001ರಲ್ಲಿ ಕೆನಡಾದ, 2006ರಲ್ಲಿ ಅಮೆರಿಕದ ಗೌರವ ಪಟ್ಟಿ ಸೇರಿದರು. ಅಮೆರಿಕದ ಪಟ್ಟಿಗೆ ಸೇರಿದ ಮೊದಲ ಕಪ್ಪು ವರ್ಣೀಯ ಕ್ವಾರ್ಟರ್‌ಬ್ಯಾಕ್ ಅವರೇ. 2023ರ ಸೂಪರ್ ಬೌಲ್‌ನಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಮತ್ತು ಜೇಲನ್ ಹರ್ಟ್ಸ್ ಎದುರಾದಾಗ, ಎರಡೂ ಕಡೆ ಕಪ್ಪು ವರ್ಣೀಯ ಕ್ವಾರ್ಟರ್‌ಬ್ಯಾಕ್‌ಗಳೇ ಆಟ ಆರಂಭಿಸಿದ್ದು ಆ ಪಂದ್ಯದ ಇತಿಹಾಸದಲ್ಲೇ ಮೊದಲು.

ಮೂನ್ ಲೆಕ್ಕ

ಕೆನಡಾ (1978-83): 21,228 ಗಜ, 144 ಟಚ್‌ಡೌನ್ ಎಸೆತ, 5 ಗ್ರೇ ಕಪ್
ಅಮೆರಿಕ (1984-2000): 49,325 ಗಜ, 291 ಟಚ್‌ಡೌನ್ ಎಸೆತ
ಒಟ್ಟು: 70,553 ಗಜ, 435 ಟಚ್‌ಡೌನ್ ಎಸೆತ

ಈ ಒಟ್ಟು ಗಜಗಳ ದಾಖಲೆಯನ್ನು 2006ರಲ್ಲಿ ಮುರಿದವರು ಡೇಮನ್ ಅಲೆನ್. ಅವರೂ ಅಮೆರಿಕದಿಂದ ಹೋಗಿ ಕೆನಡಾದಲ್ಲಿ ಹೆಸರು ಮಾಡಿದ ಕಪ್ಪು ವರ್ಣೀಯ ಕ್ವಾರ್ಟರ್‌ಬ್ಯಾಕ್.