ಖಾಲಿ ಕೈಯ ಭಯ: ‘ರೆಸಿಡೆಂಟ್ ಈವಿಲ್’ ಎಲ್ಲಿ ದಾರಿ ತಪ್ಪಿತು?

ಇವತ್ತಿನ ಕಂತು ಒಂದು ಹಳೇ ಜಗಳದ ಇತಿಹಾಸ. ‘ರೆಸಿಡೆಂಟ್ ಈವಿಲ್’ ಅನ್ನೋ ಗೇಮ್ ಸರಣಿ 1996ರಿಂದ ನಡೀತಾ ಇದೆ. ಅದರ ಅಭಿಮಾನಿಗಳು ಇಬ್ಬರು ಸೇರಿದರೆ ಒಂದು ಪ್ರಶ್ನೆ ಬಂದೇ ಬರುತ್ತೆ: ಇದು ಕೆಟ್ಟಿದ್ದು ಯಾವಾಗ? ಒಬ್ಬರು ನಾಲ್ಕನೇ ಭಾಗ ಅಂತಾರೆ, ಇನ್ನೊಬ್ಬರು ಐದು ಅಂತಾರೆ, ಮತ್ತೊಬ್ಬರು ಆರನೆಯದೇ ಅಂತ ಆಣೆ ಹಾಕ್ತಾರೆ. ಈ ಜಗಳದಾಗ ಮೊಬೈಲ್ ಹಿಡ್ಕೊಂಡು ಬಂದ ಹೊಸ ಹುಡುಗರಿಗೆ ಮಾತಾಡೋ ಹಕ್ಕು ಅದನೋ ಇಲ್ಲೋ ಅನ್ನೋದೂ ಸೇರ್ಕೊಂಡದ. ಹಂಗಾಗಿ ಮೊದಲಿಂದ ನೋಡೋಣ.

1996ರ ಮಾರ್ಚ್. ಜಪಾನಿನ ಒಸಾಕಾ ನಗರದ ಕ್ಯಾಪ್ಕಾಮ್ ಕಂಪನಿ ಪ್ಲೇಸ್ಟೇಷನ್‌ಗೆ ‘ಬಯೋಹಜಾರ್ಡ್’ ಅನ್ನೋ ಗೇಮ್ ಬಿಡುಗಡೆ ಮಾಡಿತು. ಜಪಾನಿನ ಹೊರಗೆ ಅದೇ ‘ರೆಸಿಡೆಂಟ್ ಈವಿಲ್’ ಆಯ್ತು. ನಿರ್ದೇಶಕ ಶಿಂಜಿ ಮಿಕಾಮಿ. ನಿರ್ಮಾಪಕ ಟೊಕುರೊ ಫುಜಿವಾರ 1989ರಲ್ಲೇ ‘ಸ್ವೀಟ್ ಹೋಮ್’ ಅಂತ ದೆವ್ವದ ಮನೆಯ ಗೇಮ್ ಮಾಡಿದ್ದವರು. ಒಂದು ದೊಡ್ಡ ಬಂಗಲೆ, ಒಳಗೆ ಸಿಕ್ಕಿಬಿದ್ದ ಪೊಲೀಸರು, ಸುತ್ತಲೂ ನಡೆದಾಡೋ ಹೆಣಗಳು ಅನ್ನೋದಷ್ಟೇ ಕಥೆ. ಆ ಗೇಮ್ ಶುರುವಾಗುವಾಗಲೇ ತೆರೆಯ ಮೇಲೆ ‘ಸರ್ವೈವಲ್ ಹಾರರ್’ ಅನ್ನೋ ಮಾತು ಬರುತ್ತಿತ್ತು. ಮುಂದೆ ಈ ಥರದ ಗೇಮ್‌ಗಳಿಗೆಲ್ಲ ಅದೇ ಹೆಸರು ನಿಂತಿತು. ಸರ್ವೈವಲ್ ಅಂದ್ರೆ ಜೀವ ಉಳಿಸ್ಕೊಳ್ಳೋದು. ಗೆಲ್ಲೋ ಮಾತು ಆಮೇಲೆ.

ಹೆದರಿಸೋದು ಹೆಣ ಅಂತ ನಮಗೆ ಅನಿಸುತ್ತೆ. ಆದ್ರೆ ನಿಜವಾಗಿ ಹೆದರಿಸ್ತಿದ್ದಿದ್ದು ಲೆಕ್ಕ. ಕ್ರಿಸ್ ಅನ್ನೋ ಪಾತ್ರ ತಗೊಂಡ್ರೆ ಚೀಲದಲ್ಲಿ ಆರೇ ಸಾಮಾನು ಇಟ್ಕೋಬಹುದು, ಜಿಲ್ ತಗೊಂಡ್ರೆ ಎಂಟು. ಪಿಸ್ತೂಲ್ ಒಂದು, ಗುಂಡು ಒಂದು, ಔಷಧಿ ಸೊಪ್ಪು ಒಂದು, ಬಾಗಿಲ ಕೀಲಿ ಒಂದು ಅಂತ ಇಟ್ಟರೆ ಜಾಗ ಮುಗೀತು. ಆಟ ಸೇವ್ ಮಾಡೋಕೆ ಟೈಪ್‌ರೈಟರ್ ಹತ್ರ ಹೋಗಬೇಕು, ಅದಕ್ಕೆ ಇಂಕ್ ರಿಬ್ಬನ್ ಬೇಕು, ಅದೂ ಎಣಿಸಿದಷ್ಟೇ ಸಿಗೋದು. ಕ್ಯಾಮೆರಾ ಕೋಣೆಯ ಒಂದು ಮೂಲೆಯಲ್ಲಿ ಅಲುಗಾಡದೆ ನಿಂತಿರುತ್ತೆ. ಸದ್ದು ಕೇಳುತ್ತೆ, ಸದ್ದು ಮಾಡಿದ್ದು ಕಾಣಲ್ಲ. ಎದುರಿಗೆ ಬಂದಿದ್ದನ್ನ ಹೊಡೀಲಾ, ಗುಂಡು ಉಳಿಸ್ಕೊಂಡು ಓಡಲಾ? ತಿಂಗಳ ಕೊನೆಯಲ್ಲಿ ಕಿಸೆಯಲ್ಲಿ ಉಳಿದ ನೂರು ರೂಪಾಯಿ ನೋಡೋವಾಗ ಬರ್ತದಲ್ಲ, ಆ ಥರದ ಭಯ ಇದು.

1998ರಲ್ಲಿ ಹಿಡೆಕಿ ಕಾಮಿಯಾ ನಿರ್ದೇಶನದ ಎರಡನೇ ಭಾಗ ಬಂತು, 1999ರಲ್ಲಿ ಮೂರನೆಯದು. 2002ರಲ್ಲಿ ಮಿಕಾಮಿ ಮೊದಲ ಗೇಮನ್ನೇ ಹೊಸದಾಗಿ ಕಟ್ಟಿದರು. ಹಳೇ ಅಭಿಮಾನಿಗಳು ಇವತ್ತಿಗೂ ಅದನ್ನೇ ಸರಣಿಯ ಶಿಖರ ಅಂತಾರೆ. ಜಗಳದಲ್ಲಿ ಯಾರೂ ಹೇಳದ ಮಾತು ಇಲ್ಲೇ ಇದೆ: ಆ ಶಿಖರ ಅಂದುಕೊಂಡಷ್ಟು ಮಾರಾಟ ಆಗಲಿಲ್ಲ. ಅದು ಬಂದಿದ್ದು ನಿಂಟೆಂಡೊದ ಗೇಮ್‌ಕ್ಯೂಬ್‌ಗೆ ಮಾತ್ರ. ಗೇಮ್‌ಕ್ಯೂಬ್ ಒಟ್ಟು ಮಾರಾಟ ಆಗಿದ್ದು ಸುಮಾರು 2 ಕೋಟಿ 17 ಲಕ್ಷ. ಅದೇ ಕಾಲದ ಪ್ಲೇಸ್ಟೇಷನ್ 2 ಮಾರಾಟ ಆಗಿದ್ದು 15 ಕೋಟಿಗೂ ಹೆಚ್ಚು. ಈ ಗೇಮ್ ಸರಿಯಾಗಿ ಮಾರಾಟ ಆಗದೆ ಇದ್ದದ್ದರಿಂದಲೇ ನಾಲ್ಕನೇ ಭಾಗದಲ್ಲಿ ಹೊಡೆದಾಟ ಜಾಸ್ತಿ ಆಯ್ತು ಅಂತ ಮಿಕಾಮಿಯವರೇ ಮುಂದೆ ಸಂದರ್ಶನದಲ್ಲಿ ಹೇಳಿದ್ದಾರೆ. ಅಂದ್ರೆ ಇಳಿಜಾರು ಶುರುವಾಗಿದ್ದು ಎಲ್ಲರೂ ಹೊಗಳೋ ಶಿಖರದ ಕೆಳಗಿಂದಲೇ.

2005ರ ಜನವರಿಯಲ್ಲಿ ನಾಲ್ಕನೇ ಭಾಗ ಬಂತು. ನಮ್ಮ ಕಡೆಯವರಿಗೆ ಇದನ್ನ ಹೇಳೋದು ಸುಲಭ. ಕಲಬುರಗಿಯಿಂದ ಶಹಾಬಾದ್ ದಾಟಿ ಬರೋ ತನಕ ರೈಲಿನ ಹಳಿ ಒಂದೇ. ವಾಡಿ ಜಂಕ್ಷನ್ ಬಂದಾಗ ಒಂದು ದಾರಿ ಚಿತ್ತಾಪುರ, ಸೇಡಂ ಮೇಲೆ ಹೈದರಾಬಾದ್ ಕಡೆ ತಿರುಗುತ್ತೆ, ಇನ್ನೊಂದು ರಾಯಚೂರು ಕಡೆ ಹೋಗುತ್ತೆ. ಈ ಸರಣಿಗೆ ನಾಲ್ಕನೇ ಭಾಗವೇ ವಾಡಿ ಜಂಕ್ಷನ್. ಮೂಲೆಯಲ್ಲಿದ್ದ ಕ್ಯಾಮೆರಾ ಇಲ್ಲಿ ಲಿಯೊನ್‌ನ ಭುಜದ ಹಿಂದೆ ಬಂತು. ನಿಧಾನ ನಡೆಯೋ ಹೆಣಗಳ ಬದಲು ಕೊಡಲಿ ಹಿಡಿದು ಓಡಿಬರೋ ಹಳ್ಳಿ ಜನ. ಬಂದೂಕು ಮಾರೋ ವ್ಯಾಪಾರಿನೂ ದಾರಿಯಲ್ಲೇ ಸಿಗ್ತಾನೆ. ಆದರೂ ಹಳೇ ಎಳೆ ಒಂದು ಉಳಿದಿತ್ತು. ಗುರಿ ಇಟ್ಟಾಗ ಲಿಯೊನ್ ನಿಂತಲ್ಲೇ ನಿಲ್ಲಬೇಕು, ನಡೀತಾ ಗುಂಡು ಹಾರಿಸೋಕೆ ಆಗಲ್ಲ. ಹತ್ತು ಜನ ಮೈಮೇಲೆ ಬರ್ತಿರೋವಾಗ ಕಾಲು ಕಟ್ಟಿಹಾಕಿದ ಹಾಗೆ. ಆಮೇಲೆ ಬಂದ ಎಷ್ಟೋ ಬೇರೆ ಕಂಪನಿಗಳ ಗೇಮ್‌ಗಳು ಆ ಭುಜದ ಹಿಂದಿನ ಕ್ಯಾಮೆರಾವನ್ನೇ ತಗೊಂಡ್ವು.

2009ರಲ್ಲಿ ಐದು. ಬಿಳಿಯ ನಾಯಕ ಆಫ್ರಿಕಾದ ಹಳ್ಳಿಗರ ಮೇಲೆ ಗುಂಡು ಹಾರಿಸೋ ಟ್ರೈಲರ್ ನೋಡಿ 2007ರಿಂದಲೇ ವಿವಾದ ಎದ್ದಿತ್ತು. ಗೇಮ್ ಒಳಗೆ ಜೊತೆಗೊಬ್ಬ ಸಂಗಾತಿ ಯಾವಾಗಲೂ ಇರ್ತಾಳೆ, ಹಾಗಾಗಿ ಒಂಟಿತನ ಹೋಯ್ತು. 1996ರಲ್ಲಿ ಆರು ಸಾಮಾನು ಹೊರೋಕೆ ಪರದಾಡಿದ್ದ ಅದೇ ಕ್ರಿಸ್, ಇಲ್ಲಿ ಜ್ವಾಲಾಮುಖಿಯ ಒಳಗೆ ನಿಂತು ದೊಡ್ಡ ಬಂಡೆಗೆ ಮುಷ್ಟಿಯಿಂದ ಗುದ್ದಿ ಉರುಳಿಸ್ತಾನೆ. 2012ರಲ್ಲಿ ಆರು. ನಾಲ್ಕು ಕಥೆಗಳು, ಎಲ್ಲ ಕಡೆ ಸ್ಫೋಟ. ಈಗ ನಡೀತಾನೂ ಗುಂಡು ಹಾರಿಸಬಹುದು. ಅದೇ ವರ್ಷ ಸರಣಿಯ ನಿರ್ಮಾಪಕರಲ್ಲಿ ಒಬ್ಬರಾದ ಮಸಾಚಿಕಾ ಕವಾಟಾ, ‘ಕಾಲ್ ಆಫ್ ಡ್ಯೂಟಿ’ ಥರದ ಗೇಮ್‌ಗಳ ಮಾರುಕಟ್ಟೆ ಎದುರು ಸರ್ವೈವಲ್ ಹಾರರ್ ಮಾರುಕಟ್ಟೆ ಸಣ್ಣದು ಅನ್ನೋ ಅರ್ಥದ ಮಾತು ಹೇಳಿದ್ದರು. ಕ್ಯಾಪ್ಕಾಮ್ 2013ರ ಮಾರ್ಚ್ ಒಳಗೆ 70 ಲಕ್ಷ ಪ್ರತಿ ಮಾರೋ ಗುರಿ ಇಟ್ಟಿತ್ತು, ಮಾರಾಟ ಆಗಿದ್ದು 49 ಲಕ್ಷ. ದೊಡ್ಡ ಮಾರುಕಟ್ಟೆಗೆ ಅಂತಲೇ ಭಯ ಬಿಟ್ಟುಕೊಟ್ಟರು, ಆ ಮಾರುಕಟ್ಟೆ ಅವರು ಎಣಿಸಿದಷ್ಟು ಕೈಹಿಡೀಲಿಲ್ಲ.

ಈ ಜಗಳ ನಮಗೇನೂ ಹೊಸದಲ್ರಿ. 2004ರ ‘ಆಪ್ತಮಿತ್ರ’, 2010ರ ‘ಆಪ್ತರಕ್ಷಕ’ ಎರಡೂ ಪಿ. ವಾಸು ನಿರ್ದೇಶನದವು, ಎರಡರಲ್ಲೂ ವಿಷ್ಣುವರ್ಧನ್. ಮೊದಲನೆಯದರಲ್ಲಿ ನಾಗವಲ್ಲಿ ದೆವ್ವ ಅಲ್ಲ, ಒಬ್ಬ ಹೆಣ್ಣುಮಗಳ ಮನಸ್ಸಿನ ಕಾಯಿಲೆ. ಮುಚ್ಚಿದ ಒಂದು ಕೋಣೆ ಸಾಕಾಗಿತ್ತು ಹೆದರಿಸೋಕೆ. ಎರಡನೆಯದರಲ್ಲಿ ಎಲ್ಲನೂ ದೊಡ್ಡದಾಯ್ತು. ಭಯ ಯಾವುದರಲ್ಲಿ ಜಾಸ್ತಿ ಅಂತ ಕೇಳಿದರೆ ನಮ್ಮ ಮನೆಗಳಲ್ಲೂ ಎರಡು ಪಕ್ಷ ಆಗ್ತಾವ. ಯಾವುದು ಇಷ್ಟ ಅಂತ ಕೇಳಿದರೆ ಉತ್ತರ ಬೇರೆನೇ ಬರಬಹುದು. ‘ಆಪ್ತರಕ್ಷಕ’ ಬಿಡುಗಡೆ ಆಗೋ ಹೊತ್ತಿಗೆ ವಿಷ್ಣು ಇರಲಿಲ್ಲ, ಆ ಪ್ರೀತಿನೂ ಅದರಲ್ಲಿ ಸೇರಿತ್ತು. ಇಷ್ಟ ಆಗೋದೂ ಹೆದರಿಸೋದೂ ಎರಡು ಬೇರೆ ತಕ್ಕಡಿ.

ಗೇಮ್ ಕಥೆಗೆ ವಾಪಸ್ ಬರೋಣ. 2017ರ ಜನವರಿಯಲ್ಲಿ ಏಳನೇ ಭಾಗ ಬಂತು, ನಿರ್ದೇಶಕ ಕೊಶಿ ನಾಕಾನಿಶಿ. ನಾಯಕ ಈಥನ್ ಪೊಲೀಸ್ ಅಲ್ಲ, ಸೈನಿಕ ಅಲ್ಲ. ಕಳೆದುಹೋದ ಹೆಂಡತಿಯನ್ನ ಹುಡುಕ್ಕೊಂಡು ಅಮೆರಿಕದ ಲೂಸಿಯಾನಾದ ಒಂದು ಹಾಳುಬಿದ್ದ ಮನೆಗೆ ಹೋಗೋ ಸಾಮಾನ್ಯ ಮನುಷ್ಯ. ಕ್ಯಾಮೆರಾ ಈಗ ಅವನ ಕಣ್ಣೇ ಆಗಿದೆ. ಕಿರಿದಾದ ಓಣಿಗಳು, ಕಡಿಮೆ ಗುಂಡುಗಳು. ಮೊದಲ ಎರಡು ತಿಂಗಳಲ್ಲಿ 40 ಲಕ್ಷದ ಗುರಿಗೆ 35 ಲಕ್ಷ ಮಾರಾಟ ಆಯ್ತು. ಬಾಯಿಂದ ಬಾಯಿಗೆ ಹೆಸರು ಹಬ್ಬಿ, ವರ್ಷಗಳು ಉರುಳಿದ ಮೇಲೆ ಒಂದು ಕೋಟಿ ದಾಟಿತು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಕಾಣೋದು ಇದು. ಮೊದಲ ಗೇಮ್ ಹೇಗೆ ಮುಗಿಯುತ್ತೆ ನೆನಪು ಮಾಡ್ಕೊಳ್ರಿ: ಹೆಲಿಕಾಪ್ಟರ್‌ನಿಂದ ಒಂದು ರಾಕೆಟ್ ಲಾಂಚರ್ ಕೆಳಗೆ ಬೀಳುತ್ತೆ, ಅದರಿಂದ ದೊಡ್ಡ ರಾಕ್ಷಸನನ್ನ ಉಡಾಯಿಸ್ತೀವಿ. ಎರಡನೇ ಭಾಗದ ಕೊನೆಗೂ ರಾಕೆಟ್ ಲಾಂಚರ್, ನಾಲ್ಕಕ್ಕೂ ಅದೇ, ಐದಕ್ಕೂ ಅದೇ. ಖಾಲಿ ಕೈಯಿಂದ ಶುರು, ರಾಕೆಟ್‌ನಿಂದ ಮುಕ್ತಾಯ. ಭಯದಲ್ಲಿ ಬದುಕಿದವನಿಗೆ ಕೊನೆಗೆ ಬಲ ಸಿಗೋದೇ ಈ ಗೇಮ್‌ಗಳ ಸುಖ. 1996ರಿಂದ 2012ರ ತನಕ ಇಡೀ ಸರಣಿ ಅದೇ ದಾರಿ ಹಿಡೀತು. ಆರು ಸಾಮಾನಿನ ಚೀಲದಿಂದ ಬಂಡೆ ಗುದ್ದೋ ಮುಷ್ಟಿವರೆಗೆ ಬಂತು. ಕೈಯಲ್ಲಿ ರಾಕೆಟ್ ಇದ್ದವನಿಗೆ ಮುಂದಿನ ಕೋಣೆ ಹೆದರಿಸಲ್ಲ. ಅಲ್ಲಿಂದ ಮುಂದಕ್ಕೆ ದಾರಿ ಒಂದೇ, ಕೈ ಮತ್ತೆ ಖಾಲಿ ಮಾಡೋದು. ಏಳನೇ ಭಾಗ ಅದನ್ನೇ ಮಾಡಿತು.

ಅದರ ನಂತರ ಕೂಡ ಇದೇ ಉಸಿರಾಟ. 2019ರಲ್ಲಿ ಎರಡನೇ ಭಾಗವನ್ನ ಹೊಸದಾಗಿ ಕಟ್ಟಿದರು, ಮತ್ತೆ ಗುಂಡಿನ ಲೆಕ್ಕ, ಎಲ್ಲರೂ ಮೆಚ್ಚಿದರು. 2020ರಲ್ಲಿ ಮೂರನೆಯದು ಹೊಸದಾಗಿ ಬಂದಾಗ ಬೇಗ ಮುಗೀತು, ಮೂಲದಲ್ಲಿ ಸುತ್ತಾಡಿದ್ದ ಗಡಿಯಾರ ಗೋಪುರ ಇಲ್ಲ ಅಂತ ಬೇಜಾರಾದರು. 2021ರ ‘ವಿಲೇಜ್’ ಮತ್ತೆ ಹೊಡೆದಾಟದ ಕಡೆ ವಾಲಿತು. 2025ರ ಜೂನ್‌ನಲ್ಲಿ ಘೋಷಣೆಯಾದ ಒಂಬತ್ತನೆಯದು, ‘ರೆಕ್ವಿಯಮ್’, ಗ್ರೇಸ್ ಅನ್ನೋ ಎಫ್‌ಬಿಐ ವಿಶ್ಲೇಷಕಿಯನ್ನ ಮುಂದಿಟ್ಟಿತು. ಆಕೆ ಬಂದೂಕಿನ ಹುಲಿ ಅಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದರಲ್ಲಿ ಲಿಯೊನ್ ಕೂಡ ಇರ್ತಾನೆ ಅಂತ ತಿಳೀತು. ಹೆದರೋಳು ಒಬ್ಬಳು, ಹೊಡೆಯೋನು ಒಬ್ಬ. ಇಪ್ಪತ್ತು ವರ್ಷದ ಜಗಳವನ್ನ ಒಂದೇ ಗೇಮ್ ಒಳಗೆ ಕೂರಿಸಿದ ಹಾಗೆ.

ಈಗ ಹಕ್ಕಿನ ಮಾತು. 1998ರಲ್ಲಿ ನಮ್ಮ ಕಡೆ ಪ್ಲೇಸ್ಟೇಷನ್ ಇದ್ದ ಮನೆ ಎಷ್ಟಿದ್ದವು ಅಂತ ನಿಮ್ಮ ಕಾಕಾನೋ ಮಾಮಾನೋ ಕೇಳಿ ನೋಡ್ರಿ. ಬಹಳ ಮಂದಿ ಈ ಸರಣಿಯನ್ನ ಮೊದಲು ಕಂಡಿದ್ದು ಸಿನಿಮಾದಿಂದ, ಇಲ್ಲವೇ ಮೊಬೈಲ್‌ನಿಂದ. 2019ರ ಫೆಬ್ರವರಿಯಲ್ಲಿ ಪಬ್ಜಿ ಮೊಬೈಲ್ ಒಳಗೆ ಝೊಂಬಿ ಮೋಡ್ ಬಂತಲ್ಲ, ಅದು ‘ರೆಸಿಡೆಂಟ್ ಈವಿಲ್ 2’ ಜೊತೆಗಿನ ಒಪ್ಪಂದ. ರಕೂನ್ ಸಿಟಿಯ ಪೊಲೀಸ್ ಠಾಣೆ ಅಲ್ಲಿ ಇತ್ತು, ಬೆನ್ನಟ್ಟೋ ದೈತ್ಯನೂ ಇದ್ದ. 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ಮೊಬೈಲ್ ಭಾರತದಲ್ಲಿ ನಿಷೇಧ ಆಯ್ತು. 2023ರಲ್ಲಿ ‘ವಿಲೇಜ್’ ಮತ್ತು ಹೊಸ ನಾಲ್ಕನೇ ಭಾಗ ಐಫೋನ್‌ಗೂ ಬಂದವು, ಆದ್ರೆ 15 ಪ್ರೊ ಥರದ ದುಬಾರಿ ಫೋನೇ ಬೇಕು. ಚಿಂಚೋಳಿಗೆ ರೈಲಿಲ್ಲ ಅಂತ ಅಲ್ಲಿಯವರು ಊರು ಬಿಟ್ಟು ಹೊರಗೆ ಹೋಗಲ್ವೇನ್ರಿ? ಬಸ್ಸು ಹತ್ತಿ ಬರ್ತಾರ. ಹಂಗೇ ಪಬ್ಜಿಯಿಂದ ಬಂದವನೂ ಬಂದವನೇ. ತಾನು ಒಳಗೆ ಬಂದ ಬಾಗಿಲೇ ಕೊನೇ ಒಳ್ಳೆ ಬಾಗಿಲು ಅಂತ ಎಲ್ಲರಿಗೂ ಅನಿಸುತ್ತೆ. 1996ರಲ್ಲಿ ಬಂದವನಿಗೆ 2005 ಪತನ, 2005ರಲ್ಲಿ ಬಂದವನಿಗೆ 2012 ಪತನ.

ಹಂಗಂದ್ರ ಜಗಳ ಸುಳ್ಳಾ? ಅಲ್ಲ. ಹಳಬರು ಏನು ಕಳೀತು ಅಂತ ಹೇಳಿದ್ದು ಸರಿ ಇತ್ತು: ಕೊರತೆ ಕಳೆದುಹೋಗಿತ್ತು, ಕೊರತೆ ಜೊತೆ ಭಯನೂ ಹೋಗಿತ್ತು. ತಪ್ಪಿದ್ದು ಅದನ್ನ ಕಳೆದಿದ್ದು ಯಾರು ಅನ್ನೋದರಲ್ಲಿ. ಮಾರಾಟ ಕಡಿಮೆ ಆಗಿ ಕೊರತೆಯ ಗೇಮ್ ಸೋತಿದ್ದು 2002ರಲ್ಲಿ, ಪಬ್ಜಿ ಹುಡುಗರು ಹುಟ್ಟಿದ್ದರೂ ಅಂಬೆಗಾಲಿಡೋ ಹೊತ್ತಿನಲ್ಲಿ.

ಮುಂದಿನ ಸಲ ಯಾರಾದರೂ ಎಷ್ಟನೇ ಭಾಗದಿಂದ ಆಡ್ತಿದ್ದೀಯ ಅಂತ ಕೇಳಿ ನಿಮ್ಮ ಬಾಯಿ ಮುಚ್ಚಿಸೋಕೆ ನೋಡಿದ್ರೆ, ಪ್ರಶ್ನೆ ಸ್ವಲ್ಪ ಬದಲಾಯಿಸ್ರಿ. ಬಾಗಿಲು ತೆಗೆಯೋ ಮುಂಚೆ ಈ ಗೇಮ್ ನನ್ನ ಕೈಲಿ ಗುಂಡು ಎಣಿಸೋ ಹಂಗ ಮಾಡಿತಾ? ಅದಕ್ಕೆ ಉತ್ತರ ಕೊಡೋಕೆ ಇಪ್ಪತ್ತೈದು ವರ್ಷದ ಅನುಭವ ಬೇಕಾಗಿಲ್ಲ, ಒಂದು ರಾತ್ರಿ ಆಡಿದವರೂ ಹೇಳಬಹುದು. ನಿಮ್ಮ ಉತ್ತರ ಏನು, ಕಳಿಸ್ರಿ. ಮುಂದಿನ ಕಂತಿನಾಗ ಸಿಗೋಣ.